6 ತಿಂಗಳು ಖಾಲಿ ಇದ್ದ ಹಳೇ ಗೂಡಿಗೆ ಹೊಸ ಕೋಳಿ ಬಿಟ್ರೆ ಯಾಕೆ ಸೊರಗ್ತವೆ?

ಹೆಚ್ಚಾಗಿ ಅದು ಕೆಂಪು ಹೇನಿನ ಕೆಲಸ. ಇದು ಕೋಳಿ ಮೈಮೇಲಲ್ಲ, ಗೂಡಿನ ಮರದೊಳಗೇ ಬಿಡಾರ ಮಾಡಿರ್ತದೆ, ಹಗಲು ಸಂದಿಯಲ್ಲಿ ಅಡಗಿ ರಾತ್ರಿ ಬಂದು ರಕ್ತ ಹೀರುದು, ಹಾಗಾಗಿ ಹಗಲು ಕೋಳಿ ಹಿಡಿದು ನೋಡಿದ್ರೆ ಏನೂ ಕಾಣುದಿಲ್ಲ, ಮತ್ತೆ ರಕ್ತ ಸಿಗದೆಯೂ ತಿಂಗಳುಗಟ್ಲೆ ಬದುಕ್ತದೆ ಮಾರಾಯ್ರೆ. ರಾತ್ರಿ ಟಾರ್ಚ್ ಹಿಡ್ಕೊಂಡು ಕೋಳಿ ಕೂರುವ ಕೋಲಿನ ತುದಿಗೆ ಬಿಳಿ ಬಟ್ಟೆ ಒರೆಸಿ, ಇದ್ರೆ ಕೆಂಪು ಗೆರೆ ಬೀಳ್ತದೆ.

ನಮ್ಮ ಬದಿಯಡ್ಕ ಕಡೆ ಅಡಿಕೆ ಮರ ಸೀಳಿ ಮಾಡಿದ ದಬ್ಬೆಯ ಗೂಡುಗಳು, ಒಡೆದ ದಬ್ಬೆಯ ನಾರಿನ ಸಂದಿ ಅದಕ್ಕೆ ಅರಮನೆ. ಹಳೇ ದಬ್ಬೆ ಕಿತ್ತು ಸುಟ್ಟುಬಿಡಿ. ಉಳಿದ ಮರಕ್ಕೆ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಸಂದಿ ಮುಚ್ಚುವ ಹಾಗೆ ದಪ್ಪಕ್ಕೆ ಸುಣ್ಣ ಬಳೀರಿ, ವಾರ ಬಿಟ್ಟು ಇನ್ನೊಮ್ಮೆ, ಯಾಕಂದ್ರೆ ಉಳಿದ ಮೊಟ್ಟೆ ಅಷ್ಟರಲ್ಲಿ ಒಡೆದಿರ್ತದೆ. ಕೂರುವ ಕೋಲು ಮಾತ್ರ ತೊಗಟೆ ತೆಗೆದ ನಯ ಮರದ್ದೇ ಆಗ್ಲಿ.