ಮೂರಕ್ಷರದ ಲಕ್ಷ್ಮಮ್ಮ 20ರ ಮಿತಿಯೊಳಗೆ ಯಾಕೆ ಹಿಡಿಸಲ್ಲ

ಗೆಳೆಯರೇ, ಹರಟೆಯಲ್ಲಿ ಮೂಲ ಪ್ರಶ್ನೆ ಮೇಲೆಲ್ಲೋ ಹೋಗಿಬಿಟ್ಟಿದೆ. ಹೊಸಬರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ನಮ್ಮಲ್ಲೊಬ್ಬರು ತಮ್ಮೂರಿನ ಹಾಲಿನ ಡೈರಿಗೆ ಪೈಥಾನ್‌ನಲ್ಲಿ ಸಣ್ಣ ಆಪ್ ಮಾಡಿಕೊಟ್ಟಿದ್ದಾರೆ. ಸದಸ್ಯರ ಹೆಸರಿಗೆ 20ರ ಮಿತಿ ಇಟ್ಟಿದ್ದಾರೆ. ಚೀಟಿಯಲ್ಲಿ ‘ಲಕ್ಷ್ಮಮ್ಮ’ ಅನ್ನೋ ಹೆಸರು ‘ಲಕ್ಷ್ಮ’ಕ್ಕೆ ನಿಂತು, ಪಕ್ಕದಲ್ಲಿ ಕಪ್ಪು ಚೌಕದೊಳಗೆ ಒಂದು ಪ್ರಶ್ನಾರ್ಥಕ ಬರುತ್ತಿದೆ. ಕೆಲವು ಹೆಸರು ಹುಡುಕಿದರೆ ಸಿಗಲ್ಲ. ಎಕ್ಸೆಲ್‌ನಲ್ಲಿ ತೆರೆದರೆ ಎಲ್ಲ ಅಕ್ಷರ ಕಲಸಿಹೋಗಿವೆ. ಎಸ್ಸೆಮ್ಮೆಸ್ ಬಿಲ್ಲು ಲೆಕ್ಕಕ್ಕಿಂತ ಜಾಸ್ತಿ ಬರುತ್ತಿದೆ. ಇದಕ್ಕೆ ಬಂದ ಉತ್ತರಗಳಲ್ಲಿ ಅರ್ಧ ಕ್ರೌಡ್‌ಸ್ಟ್ರೈಕ್ (2024ರಲ್ಲಿ ಲಕ್ಷಾಂತರ ವಿಂಡೋಸ್ ಯಂತ್ರ ನಿಲ್ಲಲು ಕಾರಣವಾದ ಭದ್ರತಾ ಸಾಫ್ಟ್‌ವೇರ್ ಕಂಪನಿ) ಬಗ್ಗೆ ನಗು, ಇನ್ನರ್ಧ ‘ಸುಮ್ನೆ ಇಂಗ್ಲಿಷ್‌ನಲ್ಲೇ ಇಟ್ಟುಬಿಡಿ ಗುರು’.

ಆ ಕೊನೇ ಮಾತನ್ನು ನಾನು ಒಪ್ಪಲ್ಲ. ಹಾಲು ಹಾಕುವ ಆ ಅಮ್ಮ ಚೀಟಿ ಓದೋದೇ ಕನ್ನಡದಲ್ಲಿ. ಇಲ್ಲಿ ಕನ್ನಡದ ತಪ್ಪೇನೂ ಇಲ್ಲ. ನಾವು ಎಣಿಸುತ್ತಿರುವುದು ಒಂದು, ಎಣಿಸಬೇಕಾದ್ದು ಇನ್ನೊಂದು.

ಈಗ ‘ಲಕ್ಷ್ಮಮ್ಮ’ವನ್ನೇ ಬಿಡಿಸಿ ನೋಡಿ. ಕಣ್ಣಿಗೆ ಮೂರೇ ಅಕ್ಷರ: ಲ, ಕ್ಷ್ಮ, ಮ್ಮ. ನುಡಿ ಕೀಲಿಮಣೆಯಲ್ಲಿ ಇದನ್ನು ಹೊಡೆಯುವಾಗ ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತುತ್ತೀರಲ್ಲ, ಅದು ಮೂರು ಸಲ. ಆ ಒಂದೊಂದು ಒತ್ತೂ ಕಂಪ್ಯೂಟರ್ ಪಾಲಿಗೆ ಪ್ರತ್ಯೇಕ ಸಂಕೇತ. ಹಲಂತ ಅಂತೀವಲ್ಲ, ಅದೇ. ಒಟ್ಟು ಸಂಕೇತ ಒಂಬತ್ತು: ಲ, ಕ, ಹಲಂತ, ಷ, ಹಲಂತ, ಮ, ಮ, ಹಲಂತ, ಮ. ಯುಟಿಎಫ್-8 ಅಂದರೆ ಸಂಕೇತಗಳನ್ನು ಬೈಟ್ ಅನ್ನೋ ಸಣ್ಣ ತುಣುಕುಗಳಲ್ಲಿ ಉಳಿಸುವ ಪದ್ಧತಿ. ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಅಲ್ಲಿಗೆ 27 ಬೈಟ್ ಆಯ್ತು. ಆಪ್ ಮಾಡಿದವರೇ, ನೀವು ಇಲ್ಲಿ ಹಾಕಿರುವ ಕೋಡಿನಲ್ಲಿ ಹೆಸರನ್ನು ಮೊದಲು ಬೈಟ್ ಮಾಡಿ, 20ಕ್ಕೆ ಕತ್ತರಿಸಿ, ವಾಪಸ್ ಅಕ್ಷರ ಮಾಡಿದ್ದೀರಿ. ಆರು ಸಂಕೇತಕ್ಕೆ 18 ಬೈಟ್ ಖರ್ಚಾಯಿತು, ‘ಲಕ್ಷ್ಮ’ ಬಂತು. ಉಳಿದ ಎರಡು ಬೈಟ್ ಮುಂದಿನ ‘ಮ’ದ ತುಂಡು. ಆ ತುಂಡೇ ಕಪ್ಪು ಚೌಕದ ಪ್ರಶ್ನಾರ್ಥಕ. ವಾಪಸ್ ಅಕ್ಷರ ಮಾಡುವಾಗ ‘ರಿಪ್ಲೇಸ್’ ಅಂತ ಕೊಟ್ಟಿದ್ದೀರಿ, ಅದನ್ನು ಮೊದಲು ತೆಗೆಯಿರಿ. ತಪ್ಪಾದರೆ ಪ್ರೋಗ್ರಾಂ ಅಲ್ಲೇ ನಿಂತು ಹೇಳಲಿ. ಚೀಟಿ ಅಚ್ಚಾದ ಮೇಲೆ ಗೊತ್ತಾಗುವುದಕ್ಕಿಂತ ಅದೇ ವಾಸಿ.

ಈ ವಿಷಯಕ್ಕೆ ನಾನು ಇಷ್ಟು ಹಚ್ಚಿಕೊಳ್ಳೋಕೆ ಕಾರಣ ಇದೆ. ನಮ್ಮ ಅಜ್ಜಿಯ ಹೆಸರು ಪುಟ್ಟಲಕ್ಷ್ಮಮ್ಮ. ಒಂದು ಕಚೇರಿಯ ಕಾಗದದಲ್ಲಿ ಅದು ‘ಪುಟ್ಟಲಕ್’ ಅಂತ ಬಂತು. ಹೆಸರು ತಾಳೆ ಆಗಲ್ಲ, ಅಫಿಡವಿಟ್ ತನ್ನಿ ಅಂದರು. ಅಜ್ಜಿ ಬಿಸಿಲಲ್ಲಿ ಎರಡು ಸಲ ಬಸ್ ಹತ್ತಿ ಹೋಗಿಬಂದರು. ಆಮೇಲೆ ನಾನು ಕೂತು ಎಣಿಸಿದೆ. ‘ಪುಟ್ಟಲಕ್’ ಅಂದರೆ ಎಂಟು ಸಂಕೇತ, 24 ಬೈಟ್. ಎಲ್ಲೋ ಯಾರೋ 25 ಅಂತ ಮಿತಿ ಇಟ್ಟಿರಬೇಕು. ಆ ಒಂದು ಅಂಕಿಗೆ ಅಜ್ಜಿಯ ಎರಡು ದಿನ ಹೋಯಿತು.

ಕ್ರೌಡ್‌ಸ್ಟ್ರೈಕ್ ವಿಚಾರಕ್ಕೂ ಇದಕ್ಕೂ ಸಂಬಂಧ ಇದೆ, ಅದಕ್ಕೇ ಹೇಳುತ್ತೇನೆ. 2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮಲ್ಲಿ ಬೆಳಿಗ್ಗೆ 9.39ಕ್ಕೆ ಆ ಕಂಪನಿಯ ಅಪ್‌ಡೇಟ್ ಫೈಲ್ ಹೊರಟಿತ್ತು, 10.57ಕ್ಕೆ ವಾಪಸ್ ತೆಗೆದರು. ಅಷ್ಟರಲ್ಲಿ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಡುವ ಹಾಗಾಯಿತು. ಮೂಲ ಕಾರಣ ಏನು ಗೊತ್ತಾ? ಯಂತ್ರದಲ್ಲಿದ್ದ ಕೋಡು ಒದಗಿಸುತ್ತಿದ್ದದ್ದು 20 ಮೌಲ್ಯ. ಹೊಸ ಫೈಲು 21ನೆಯದನ್ನೂ ನೋಡು ಅಂದಿತು. ಕೋಡು ತನ್ನದಲ್ಲದ ಜಾಗಕ್ಕೆ ಕೈ ಹಾಕಿತು. ಅದು ವಿಂಡೋಸ್‌ನ ಕರ್ನಲ್ (ತಿರುಳು ಭಾಗ) ಒಳಗೇ ಓಡುವ ಕೋಡು, ಹಾಗಾಗಿ ಇಡೀ ಯಂತ್ರವೇ ಬಿತ್ತು. ಅಲ್ಲೂ ಎಣಿಕೆಯೇ ತಪ್ಪಿದ್ದು. ನಗುವ ಮೊದಲು ನಮ್ಮ ಕೋಡಿನಲ್ಲಿ 20 ಅಂತ ಎಲ್ಲೆಲ್ಲಿ ಬರೆದಿದ್ದೇವೆ ಅಂತ ಒಂದು ಸಲ ಹುಡುಕೋಣ. ಇನ್ನೊಂದು ಪಾಠವೂ ಅಲ್ಲಿದೆ. ಆ ಫೈಲನ್ನು ಹಂತ ಹಂತವಾಗಿ ಬಿಡದೆ ಎಲ್ಲರಿಗೂ ಒಟ್ಟಿಗೆ ಕಳಿಸಿದ್ದರು. ನೀವು ಹೊಸ ಆವೃತ್ತಿಯನ್ನು ಮೊದಲು ಒಂದೇ ಡೈರಿಯಲ್ಲಿ, ಸಂಜೆ ಹಾಲಿನ ಹೊತ್ತಿಗೆ ಹಾಕಿ ನೋಡಿ. ಒಂದು ವಾರ ಓಡಲಿ, ಆಮೇಲೆ ಉಳಿದ ಊರಿಗೆ.

ಹಾಗಾದರೆ ಎಲ್ಲಿ ಕತ್ತರಿಸಬೇಕು? ಡೇಟಾಬೇಸ್‌ನಲ್ಲಂತೂ ಕತ್ತರಿಸಲೇಬೇಡಿ. ಹೆಸರಿಗೆ 20 ಬದಲು 150 ಸಂಕೇತದ ಜಾಗ ಕೊಡಿ, ಏನೂ ನಷ್ಟ ಇಲ್ಲ. ಕತ್ತರಿಸುವ ಪ್ರಸಂಗ ಬರುವುದು ಚೀಟಿಯಲ್ಲಿ ಮಾತ್ರ. ಬೈಟ್ ಬಿಟ್ಟು ಸಂಕೇತ ಎಣಿಸಿದರೆ ಸಾಕು ಅಂತ ಒಬ್ಬರು ಬರೆದಿದ್ದಾರೆ. ಸಾಲದು. ಲಕ್ಷ್ಮಮ್ಮನನ್ನು ಮೂರು ಸಂಕೇತಕ್ಕೆ ಕತ್ತರಿಸಿ, ‘ಲಕ್’ ಬರುತ್ತೆ. ಗ್ರಾಫೀಮ್ (ಕಣ್ಣಿಗೆ ಒಂದಾಗಿ ಕಾಣುವ ಅಕ್ಷರ) ಎಣಿಸುವ ಲೈಬ್ರರಿ ಹಾಕಿ ಅಂತ ಇನ್ನೊಬ್ಬರು ಹೇಳಿದ್ದು ಒಳ್ಳೇ ಸಲಹೆಯೇ, ಆದರೆ ಕನ್ನಡಕ್ಕೆ ಅದು ಪೂರ್ತಿ ಕೆಲಸ ಮಾಡದೇ ಇರಬಹುದು. 2023ರಲ್ಲಿ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಕ್ಕೂ ಸಂಕೇತ ಗೊತ್ತುಮಾಡುವ ಮಾನಕ) 15.1 ಬಂದಾಗ ಒತ್ತಕ್ಷರವನ್ನು ಒಡೆಯದೆ ಇಡುವ ನಿಯಮ ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಅದರಲ್ಲಿದ್ದವು. ಕನ್ನಡ ಇರಲಿಲ್ಲ. ಪಕ್ಕದ ತೆಲುಗಿನ ಒತ್ತಕ್ಷರ ಇಡಿಯಾಗಿ ಉಳಿಯುತ್ತೆ, ನಮ್ಮ ‘ಸ್ತ್ರೀ’ ಮಾತ್ರ ಸ್, ತ್, ರೀ ಅಂತ ಮೂರು ತುಂಡಾಗುತ್ತೆ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ.

ಹಾಗಾಗಿ ನಾನು ಕೈಯಲ್ಲೇ ಒಂದು ಸಣ್ಣ ನಿಯಮ ಬರೆದುಕೊಂಡಿದ್ದೇನೆ. ಕತ್ತರಿ ಹಾಕುವ ಜಾಗದ ಬಲಕ್ಕೆ ಕಾಗುಣಿತದ ಗುರುತು, ಹಲಂತ, ಅನುಸ್ವಾರ, ವಿಸರ್ಗ ಅಥವಾ ಕಾಣದ ಜೋಡಣೆ ಗುರುತು (ಅಕ್ಷರಗಳು ಕೂಡಬೇಕೋ ಬೇಡವೋ ಅಂತ ಹೇಳುವ, ಪರದೆಯಲ್ಲಿ ಕಾಣಿಸದ ಸಂಕೇತ) ಇದ್ದರೆ ಅಲ್ಲಿ ಕತ್ತರಿಸಬಾರದು. ಎಡಕ್ಕೆ ಹಲಂತ, ಬಲಕ್ಕೆ ವ್ಯಂಜನ ಇದ್ದರೂ ಬೇಡ. ಹಾಗೇ ಒಂದೊಂದೇ ಹೆಜ್ಜೆ ಹಿಂದೆ ಹೋಗಿ. ಒಳ್ಳೇ ಜಾಗ ಸಿಕ್ಕಲ್ಲಿ ಕತ್ತರಿಸಿ. ಹತ್ತು ಸಾಲಿನ ಕೋಡು.

ಆದರೆ ಚೀಟಿಗೆ ಅಕ್ಷರ ಎಣಿಸುವುದೇ ತಪ್ಪು ದಾರಿ ಅಂತ ನನ್ನ ಅಭಿಪ್ರಾಯ. ‘ಕ್ಷ್ಮ’ ಮತ್ತು ‘ರ’ ಎರಡೂ ಒಂದೊಂದೇ ಅಕ್ಷರ, ಅಗಲ ಮಾತ್ರ ಬೇರೆ ಬೇರೆ. 58 ಮಿಲಿಮೀಟರ್ ಥರ್ಮಲ್ ಪ್ರಿಂಟರ್‌ನಲ್ಲಿ ಒಂದು ಸಾಲಿಗೆ 384 ಚುಕ್ಕೆ. ಅಗ್ಗದ ಪ್ರಿಂಟರ್‌ಗಳಲ್ಲಿ ಕನ್ನಡ ಫಾಂಟ್ ಇರಲ್ಲ. ಆದ್ದರಿಂದ ಇಡೀ ಸಾಲನ್ನು ಚಿತ್ರ ಮಾಡಿ ಕಳಿಸಬೇಕು. ಪೈಥಾನ್‌ನ ಪಿಲ್ಲೋದಲ್ಲಿ (ಚಿತ್ರ ಮಾಡುವ ಲೈಬ್ರರಿ) ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ, ಹೆಸರು ಎಷ್ಟು ಚುಕ್ಕೆ ಅಗಲ ಆಗುತ್ತೆ ಅಂತ ಅದನ್ನೇ ಕೇಳಿ. ಜಾಸ್ತಿ ಆದರೆ ಎರಡನೇ ಸಾಲಿಗೆ ಇಳಿಸಿ. ಹೆಸರು ತುಂಡು ಮಾಡುವುದಕ್ಕಿಂತ ಅರ್ಧ ಇಂಚು ಕಾಗದ ಹೋಗಲಿ. ಒಂದು ಎಚ್ಚರಿಕೆ: ಪಿಲ್ಲೋ ಜೊತೆ ‘ರಾಕ್ಮ್’ ಲೈಬ್ರರಿ ಇರಲೇಬೇಕು. ಇಲ್ಲದಿದ್ದರೆ ಒತ್ತಕ್ಷರ ಕೂಡಿಕೊಳ್ಳಲ್ಲ, ಕ, ಹಲಂತ, ಷ ಬೇರೆ ಬೇರೆ ಬಿದ್ದಿರುತ್ತವೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿ ಬಂದು ಡೈರಿಯ ಕಂಪ್ಯೂಟರ್‌ನಲ್ಲಿ ಕೆಟ್ಟರೆ ಮೊದಲು ಅದನ್ನೇ ನೋಡಿ.

ಎಸ್ಸೆಮ್ಮೆಸ್‌ಗೆ ಮಾತ್ರ ಸಂಕೇತದ ಲೆಕ್ಕವೇ ಸರಿ. ಬರೀ ಇಂಗ್ಲಿಷ್ ಇದ್ದರೆ ಒಂದು ಸಂದೇಶಕ್ಕೆ 160. ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಮಿತಿ 70ಕ್ಕೆ ಇಳಿಯುತ್ತೆ. ಅದನ್ನೂ ದಾಟಿದರೆ ತುಂಡಿಗೆ 67 ಲೆಕ್ಕ. ‘ನಿಮ್ಮ ಹಾಲಿನ ಹಣ ಜಮಾ ಆಗಿದೆ’ ಅನ್ನುವುದರಲ್ಲಿ ಕಣ್ಣಿಗೆ 12 ಅಕ್ಷರ, ನಾಲ್ಕು ಖಾಲಿ ಜಾಗ. ಫೋನ್ ಕಂಪನಿ ಲೆಕ್ಕದಲ್ಲಿ 24. ಮುಂದೆ ಹೆಸರು, ಲೀಟರ್, ಫ್ಯಾಟ್, ಮೊತ್ತ ಎಲ್ಲಾ ಸೇರಿಸಿದರೆ ಸಲೀಸಾಗಿ 70 ದಾಟುತ್ತೆ. ಹೆಸರನ್ನು ಬಿಡಿ, ಫೋನು ಅವರದೇ ಅಲ್ವಾ. ಮೊತ್ತವನ್ನೂ ತಾರೀಕನ್ನೂ ಅಂಕಿಯಲ್ಲೇ ಬರೆಯಿರಿ. ಬಿಲ್ಲು ಅರ್ಧಕ್ಕೆ ಇಳಿಯಬಹುದು.

ಎಕ್ಸೆಲ್ ಕಥೆ ಸಣ್ಣದು. ತಲೆ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ಸಣ್ಣ ‘ಎ’, ಅದರ ಪಕ್ಕ ಮೇಲಕ್ಕೆ ಏರಿ ಕೂತ ಪುಟ್ಟ 2 ಅಥವಾ 3 ಪದೇ ಪದೇ ಕಾಣುತ್ತಿದ್ದರೆ ಹೆದರಬೇಡಿ. ಕನ್ನಡದ ಬೈಟ್‌ಗಳನ್ನು ಎಕ್ಸೆಲ್ ಇಂಗ್ಲಿಷ್ ಅಂದುಕೊಂಡು ಓದುತ್ತಿದೆ, ಅಷ್ಟೇ. ಮಾಹಿತಿ ಹಾಗೇ ಇದೆ. ಸೇವ್ ಮಾಡದೆ ಮುಚ್ಚಿ. ಪೈಥಾನ್‌ನಲ್ಲಿ ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯುವ ಸಾದಾ ಪಟ್ಟಿಯ ಫೈಲ್) ಬರೆಯುವಾಗ ‘ಯುಟಿಎಫ್-8-ಸಿಗ್’ ಅಂತ ಕೊಡಿ, ಸರಿಹೋಗುತ್ತೆ. ಆದರೆ ಡೇಟಾಬೇಸ್ ಒಳಗೇ ಸಾಲಾಗಿ ಬರೀ ಪ್ರಶ್ನಾರ್ಥಕ ಕಂಡರೆ ಆ ಹೆಸರು ಹೋಯಿತು ಅಂತಲೇ ಅರ್ಥ, ಬ್ಯಾಕಪ್ ಹುಡುಕಬೇಕು. ಮೈಎಸ್‌ಕ್ಯುಎಲ್ ಡೇಟಾಬೇಸ್ ಆದರೆ ಟೇಬಲ್ ಮತ್ತು ಕನೆಕ್ಷನ್ ಎರಡನ್ನೂ ಯುಟಿಎಫ್8ಎಂಬಿ4ಗೆ ಹಾಕಿ. ಬರೀ ಯುಟಿಎಫ್8 ಅಂದರೆ ಅಲ್ಲಿ ಮೂರು ಬೈಟ್ ತನಕ ಮಾತ್ರ. ಕನ್ನಡ ಹಿಡಿಸುತ್ತೆ, ಯಾರೋ ಒಂದು ಇಮೋಜಿ ಹಾಕಿದ ದಿನ ಕೈಕೊಡುತ್ತೆ.

ಹುಡುಕಾಟಕ್ಕೆ ಬರೋಣ. ಇಲ್ಲಿ ನಿಜವಾದ ತಲೆನೋವು ಜನ ಟೈಪ್ ಮಾಡುವ ರೀತಿ. ನಿಮ್ಮ ಪಟ್ಟಿ ತೆಗೆದು ‘ಬೆ೦ಗಳೂರು’ ಹುಡುಕಿ ನೋಡಿ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಇರುತ್ತೆ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ‘ಕನಾ೯ಟಕ’ ಇನ್ನೂ ಕಷ್ಟ. ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತು. ಸೊನ್ನೆಯನ್ನು ಅಕ್ಷರಗಳ ನಡುವೆ ಕಂಡರೆ ಅನುಸ್ವಾರ ಮಾಡಿದರಾಯಿತು. ಒಂಬತ್ತನ್ನು ಹಾಗೆ ಬದಲಿಸಲು ಆಗಲ್ಲ. ಅದನ್ನು ತೆಗೆದು, ಹಿಂದಿನ ಅಕ್ಷರ ‘ನಾ’ದ ಮುಂಚೆ ‘ರ’ ಮತ್ತು ಹಲಂತ ಸೇರಿಸಬೇಕು. ಆಗ ‘ಕರ್ನಾಟಕ’ ಆಗುತ್ತೆ. ಇನ್ನು ‘ಕೋ’ದ ಕಾಗುಣಿತವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡಾಗಿಯೂ ಬರೆಯಬಹುದು. ಎರಡೂ ಒಂದೇ ಥರ ಕಾಣುತ್ತವೆ, ಹೋಲಿಸಿದರೆ ಬೇರೆ. ಒಳಗೆ ಬರುವ ಪ್ರತಿ ಹೆಸರನ್ನೂ ಎನ್‌ಎಫ್‌ಸಿಗೆ ನಾರ್ಮಲೈಸ್ ಮಾಡಿ, ಅಂದರೆ ಒಂದೇ ರೂಪಕ್ಕೆ ತನ್ನಿ.

ಕಾಣದ ಜೋಡಣೆ ಗುರುತುಗಳನ್ನು ಅಳಿಸಿಬಿಡಿ ಅಂತ ಒಬ್ಬರು ಹೇಳಿದ್ದಾರೆ, ದಯವಿಟ್ಟು ಬೇಡ. ‘ರಾಜ್‌ಕುಮಾರ್’ದಲ್ಲಿ ಅದನ್ನು ತೆಗೆದರೆ ‘ರಾಜ್ಕುಮಾರ್’ ಆಗುತ್ತೆ. ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗುತ್ತೆ. ಮೂಲ ಹೆಸರನ್ನು ಹಾಗೇ ಇಟ್ಟು, ಪಕ್ಕದಲ್ಲಿ ಹುಡುಕಲಿಕ್ಕೆ ಅಂತಲೇ ಇನ್ನೊಂದು ಕಾಲಂ ಮಾಡಿ. ಅಳಿಸುವುದು, ಸೊನ್ನೆ ತಿದ್ದುವುದು ಎಲ್ಲ ಅಲ್ಲಿ ನಡೆಯಲಿ.

ಐಫೋನ್ ಕೈಕೊಟ್ಟ ಕಥೆ ನೆನಪು ಮಾಡಿದವರಿಗೂ ಇಲ್ಲೇ ಉತ್ತರ ಇದೆ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಬಂದರೆ ಸಂದೇಶದ ಆಪ್ ಬಿದ್ದುಹೋಗುತ್ತಿತ್ತು. ಆ ಅಕ್ಷರದೊಳಗೆ, ಒತ್ತಕ್ಷರಕ್ಕೂ ದೀರ್ಘಕ್ಕೂ ನಡುವೆ, ಇಂಥದ್ದೇ ಕಾಣದ ಗುರುತು ಕೂತಿತ್ತು. ಆಪಲ್ 11.2.6 ಆವೃತ್ತಿಯಲ್ಲಿ ಸರಿ ಮಾಡಿತು. ಅಷ್ಟು ದೊಡ್ಡವರ ಪರೀಕ್ಷೆಯಲ್ಲೂ ನಮ್ಮ ಕಡೆಯ ಒಂದು ಅಕ್ಷರ ತಪ್ಪಿಸಿಕೊಂಡಿತ್ತು.

ಕೋಡನ್ನು ಎಐ ಬರೆದುಕೊಟ್ಟಿತು ಅಂದಿದ್ದೀರಿ. ಬರೆಸಿ, ತಪ್ಪಿಲ್ಲ, ನಾನೂ ಬರೆಸುತ್ತೇನೆ. ಆದರೆ ಕೇಳುವಾಗಲೇ ಪರೀಕ್ಷೆಯ ಹೆಸರುಗಳನ್ನು ಕೊಟ್ಟುಬಿಡಿ: ಲಕ್ಷ್ಮಮ್ಮ, ಸ್ತ್ರೀ, ಕೃಷ್ಣಪ್ಪ, ರಾಜ್‌ಕುಮಾರ್, ರ‍್ಯಾಂಕ್, ದುಃಖ, ಕೋಲಾರ, ಬೆ೦ಗಳೂರು. ಇವನ್ನು ಉಳಿಸಿ, ಹುಡುಕಿ, ಅಚ್ಚು ಹಾಕಿ, ಒಂದೊಂದು ಸಂಕೇತಕ್ಕೂ ಕತ್ತರಿಸಿ ತೋರಿಸು ಅನ್ನಿ. ಬರೀ ‘ರಮೇಶ’ ಹಾಕಿ ನೋಡಿದರೆ ಯಾವ ತಪ್ಪೂ ಹೊರಗೆ ಬರಲ್ಲ.

ಡೈರಿಯ ಹಳೇ ಸದಸ್ಯರ ಪಟ್ಟಿ ನುಡಿಯ ಹಳೇ ಫಾಂಟ್‌ನಲ್ಲಿ ಇರಬಹುದು. ಫಾಂಟ್ ಬದಲಿಸಿದ ತಕ್ಷಣ ಇಂಗ್ಲಿಷ್ ಅಕ್ಷರ ಚೆಲ್ಲಾಡಿದ ಹಾಗೆ ಕಂಡರೆ ಅದು ಯೂನಿಕೋಡ್ ಅಲ್ಲ, ಮೊದಲು ಪರಿವರ್ತಿಸಬೇಕು. ಅದನ್ನು ತೆಗೆದುಕೊಳ್ಳುವ ಮೊದಲು ಆ ಫೈಲಿನ ಮೇಲಿನ ಹತ್ತು ಸಾಲನ್ನು, ಹೆಸರು ಬದಲಿಸಿ, ಇಲ್ಲಿ ಹಾಕಿ. ಭಾನುವಾರ ನಾನು ಬಿಡುವಾಗಿರುತ್ತೇನೆ, ಕೂತು ನೋಡುತ್ತೇನೆ.