ಅಜ್ಜಿ ಮೇಲೆ ಹೋದ್ರಾ, ಕೆಳಗೆ ಹೋದ್ರಾ?

ನಮಸ್ಕಾರ.

ನಿಮ್ಮ 'ಸ್ವರ್ಗದ ಬಾಗಿಲು' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ ಎಂದು ಹೇಳುವುದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

14 ಪುಟಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೂರನೇ ಪುಟದ ಏಳು ಸಾಲು. ಅಜ್ಜಿಯ ಪೆಟ್ಟಿಗೆ ಗುಂಡಿಗೆ ಇಳಿಯುತ್ತಿದೆ. ಎಲ್ಲರೂ ಹಿಡಿ ಮಣ್ಣು ಹಾಕುತ್ತಿದ್ದಾರೆ. ಪಾದ್ರಿಗಳು ಪರಲೋಕದ ಮಾತು ಹೇಳುತ್ತಿದ್ದಾರೆ. ನಿಮ್ಮ ಅಕ್ಕನ ಮಗ ಸೆರಗು ಎಳೆದು ಕೇಳುತ್ತಾನೆ: "ಅಜ್ಜಿ ಮೇಲೆ ಹೋದ್ರಾ, ಕೆಳಗೆ ಹೋದ್ರಾ?" ಅಷ್ಟೇ. ನೀವು ಅವನನ್ನು ಅಲ್ಲೇ ಬಿಟ್ಟು ಬೈಬಲ್ ವಚನಗಳ ಪಟ್ಟಿಗೆ ಹೊರಟುಬಿಡುತ್ತೀರಿ. ಆಮೇಲೆ 11 ಪುಟ ಅವನು ಎಲ್ಲೂ ಕಾಣುವುದಿಲ್ಲ.

ಆ ಹುಡುಗ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಬೈಬಲಿನ ಒಳಗೇ ನೂರಾರು ವರ್ಷ ಅದರ ಚರ್ಚೆ ನಡೆದಿದೆ. ನೀವು 'ಬೈಬಲ್ ಹೇಳುತ್ತದೆ' ಎಂದು ಮತ್ತೆ ಮತ್ತೆ ಬರೆದಿದ್ದೀರಿ. ಯಾವ ಪುಸ್ತಕ, ಯಾವ ಕಾಲದ್ದು? ಹಳೆಯ ಹೀಬ್ರೂ ಪುಸ್ತಕಗಳಲ್ಲಿ ಸತ್ತವರೆಲ್ಲ ಹೋಗುವುದು ಕೆಳಗೆ, ಷೆಯೋಲ್ ಎಂಬ ಸತ್ತವರ ಲೋಕಕ್ಕೆ. ಒಳ್ಳೆಯವರು, ಕೆಟ್ಟವರು ಎಲ್ಲರೂ. ಯೋಸೇಫ ಸತ್ತನೆಂದು ನಂಬಿದ ಯಾಕೋಬ, ಅಳುತ್ತಲೇ ಮಗನ ಹತ್ತಿರ ಷೆಯೋಲಿಗೆ ಇಳಿಯುತ್ತೇನೆ ಎನ್ನುತ್ತಾನೆ. ಅಲ್ಲಿಗೆ ಇಳಿದವನು ಮೇಲೆ ಬರುವುದಿಲ್ಲ ಎನ್ನುತ್ತಾನೆ ಯೋಬ. ಸತ್ತವರಿಗೆ ಏನೂ ತಿಳಿಯದು ಎನ್ನುತ್ತದೆ ಪ್ರಸಂಗಿ ಎಂಬ ಪುಸ್ತಕ. ಮಣ್ಣಿನ ಧೂಳಿನಲ್ಲಿ ಮಲಗಿದವರು ಎಚ್ಚರಗೊಂಡು, ಕೆಲವರು ನಿತ್ಯಜೀವಕ್ಕೆ, ಕೆಲವರು ನಿಂದೆಗೆ ಏಳುತ್ತಾರೆ ಎಂಬ ಮಾತು ಇಷ್ಟು ಸ್ಪಷ್ಟವಾಗಿ ಬರುವುದು ದಾನಿಯೇಲನ ಪುಸ್ತಕದ 12ನೇ ಅಧ್ಯಾಯದಲ್ಲಿ. ಅದು ಸುಮಾರು ಕ್ರಿ.ಪೂ. 165ರ ಹೊತ್ತಿನದು ಎಂಬುದು ಹೆಚ್ಚಿನ ವಿದ್ವಾಂಸರ ಮಾತು. ಗ್ರೀಕ್ ಮೂಲದ ದೊರೆ ನಾಲ್ಕನೇ ಆಂಟಿಯೋಕಸ್ ಯೆಹೂದ್ಯರನ್ನು ಅವರ ನಂಬಿಕೆಗಾಗಿಯೇ ಕೊಲ್ಲಿಸುತ್ತಿದ್ದ ಕಾಲ. ದೇವರಿಗೆ ನಿಷ್ಠರಾಗಿದ್ದೇ ಸಾವಿಗೆ ಕಾರಣವಾದಾಗ ನ್ಯಾಯ ಎಲ್ಲಿ ಸಿಗಬೇಕು? ಆ ಸಂಕಟ ಈ ಮಾತಿನ ಹಿಂದಿದೆ. ಯೇಸುವಿನ ದಿನಗಳಲ್ಲೂ ಇದು ಇತ್ಯರ್ಥವಾಗಿರಲಿಲ್ಲ. ಯೆಹೂದ್ಯರಲ್ಲೇ ಎರಡು ಪಂಗಡ: ಫರಿಸಾಯರು ಪುನರುತ್ಥಾನ, ಅಂದರೆ ಸತ್ತವರು ಮತ್ತೆ ಏಳುವುದು, ಉಂಟು ಎನ್ನುತ್ತಿದ್ದರು, ಸದ್ದುಕಾಯರು ಇಲ್ಲವೇ ಇಲ್ಲ ಎನ್ನುತ್ತಿದ್ದರು. ನೀವು ಯೋಬನನ್ನೂ ದಾನಿಯೇಲನನ್ನೂ ಒಂದೇ ವಾಕ್ಯದಲ್ಲಿ ಕೂರಿಸಿ ಇಬ್ಬರೂ ಒಂದೇ ಮಾತು ಹೇಳುತ್ತಾರೆ ಅಂದಿದ್ದೀರಿ. ಜಗಳವನ್ನು ಮುಚ್ಚಿಟ್ಟರೆ ಓದುಗರಿಗೆ ಉಳಿಯುವುದು ಬರೀ ಪಟ್ಟಿ.

ಇನ್ನೊಂದು ವಿಷಯ, ನನಗೆ ಜಾಸ್ತಿ ಮುಖ್ಯ ಅನಿಸಿದ್ದು. ಒಂಬತ್ತನೇ ಪುಟದಲ್ಲಿ ಬರೆದಿದ್ದೀರಿ: 'ಆತ್ಮ ಹಳೆಯ ಬಟ್ಟೆ ಕಳಚಿ ಹೊಸದನ್ನು ಉಡುವಂತೆ ದೇಹ ಬಿಟ್ಟು ಹೋಗುತ್ತದೆ ಎಂದು ಬೈಬಲ್ ಹೇಳುತ್ತದೆ.' ಇದು ಬೈಬಲಿನದಲ್ಲ, ಭಗವದ್ಗೀತೆಯ ಎರಡನೇ ಅಧ್ಯಾಯದ ಹೋಲಿಕೆ. ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದು, ಗೊತ್ತಿಲ್ಲದೆ ಕೈಗೆ ಬಂದುಬಿಡುತ್ತದೆ, ಅಲ್ವಾ? ಆದರೆ ಇಲ್ಲಿ ಅದು ಅರ್ಥವನ್ನೇ ಕೆಡಿಸುತ್ತದೆ. ಬೈಬಲಿನಲ್ಲಿ ಸಭೆಗಳಿಗೆ ಪತ್ರ ಬರೆದ ಪೌಲನೂ ಬಟ್ಟೆಯ ಮಾತಾಡುತ್ತಾನೆ. ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿ ಅವನ ಆಸೆ ನೋಡಿ: ಕಳಚಿಹಾಕುವುದಲ್ಲ, ಇರುವುದರ ಮೇಲೆ ಇನ್ನೊಂದನ್ನು ತೊಟ್ಟುಕೊಳ್ಳುವುದು. ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ದೇಹವನ್ನು ಅವನು ಬಿತ್ತುವ ಕಾಳಿಗೆ ಹೋಲಿಸುತ್ತಾನೆ. ಮೊಳಕೆ ಕಾಳಿನಂತಿರುವುದಿಲ್ಲ, ಆದರೆ ಆ ಕಾಳಿನಿಂದಲೇ ಬರುತ್ತದೆ. ಎದ್ದುಬಂದ ಯೇಸು ಲೂಕನ ಸುವಾರ್ತೆಯಲ್ಲಿ ಶಿಷ್ಯರೆದುರು ಸುಟ್ಟ ಮೀನಿನ ತುಂಡು ತಿನ್ನುತ್ತಾನೆ. ಯೋಹಾನನ ಸುವಾರ್ತೆಯಲ್ಲಿ ಶಿಷ್ಯ ತೋಮನಿಗೆ ಶಿಲುಬೆಯ ಗಾಯ ತೋರಿಸುತ್ತಾನೆ. ಗಾಯ ಮಾಯವಾಗಿಲ್ಲ.

ಈಗ ನಿಮ್ಮ ಎರಡನೇ ಪುಟ ತೆಗೆಯಿರಿ. ಅಜ್ಜಿಯ ಬಲಗೈಯಲ್ಲಿ ರೊಟ್ಟಿ ಹಂಚು ತಾಗಿ ಆದ ಕಲೆಯ ಬಗ್ಗೆ ಎಷ್ಟು ಪ್ರೀತಿಯಿಂದ ಬರೆದಿದ್ದೀರಿ! ಅದೇ ನೀವು ಒಂಬತ್ತನೇ ಪುಟದಲ್ಲಿ ದೇಹ ಬರೀ ಖಾಲಿ ಪಂಜರ ಅನ್ನುತ್ತೀರಿ. ಎರಡನ್ನೂ ಬರೆದವರು ನೀವೇ. ಮೊದಲನೆಯದನ್ನೇ ನಂಬಿ. ಆ ಕಲೆ ಮತ್ತು ತೋಮ ನೋಡಿದ ಗಾಯ ಎರಡೂ ಅಕ್ಕಪಕ್ಕ ಬಂದರೆ ಸಾಕು, ವಿವರಣೆಯೇ ಬೇಡ.

ನಿಮ್ಮ ಶೀರ್ಷಿಕೆಯೂ ಬದಲಾಗಬೇಕು. ಯೇಸುವಿನ ಶಿಷ್ಯ ಪೇತ್ರ ಬೀಗದ ಕೈ ಹಿಡಿದು ಸ್ವರ್ಗದ ಬಾಗಿಲಲ್ಲಿ ನಿಂತು ವಿಚಾರಿಸುವ ಚಿತ್ರ ಬೈಬಲಿನಲ್ಲಿಲ್ಲ. ಮತ್ತಾಯನ ಸುವಾರ್ತೆಯಲ್ಲಿ ಯೇಸು ಅವನಿಗೆ ಬೀಗದ ಕೈ ಕೊಡುವ ಮಾತಿದೆ, ಉಳಿದದ್ದು ಆಮೇಲಿನ ಕಲ್ಪನೆ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 21ನೇ ಅಧ್ಯಾಯದಲ್ಲಿ ಬರುವ ದೇವರ ನಗರಕ್ಕೆ 12 ಬಾಗಿಲು, ಅವು ಹಗಲಲ್ಲಿ ಮುಚ್ಚುವುದೇ ಇಲ್ಲ, ರಾತ್ರಿಯಂತೂ ಅಲ್ಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಮನುಷ್ಯರು ಆ ನಗರಕ್ಕೆ ಹತ್ತಿ ಹೋಗುವುದಿಲ್ಲ. ನಗರವೇ ಕೆಳಗಿಳಿದು ಬರುತ್ತದೆ, ದೇವರು ಮನುಷ್ಯರ ಜೊತೆ ವಾಸಕ್ಕೆ ಬರುತ್ತಾನೆ. ನಿಮ್ಮ ಹುಡುಗನ ಪ್ರಶ್ನೆಯೇ ಇಲ್ಲಿ ತಿರುಗಿ ನಿಲ್ಲುತ್ತದೆ.

ಹಾಗಂತ ಎಲ್ಲವನ್ನೂ ಸುಮ್ನೆ ನೇರ ಮಾಡಬೇಡಿ. ಶಿಲುಬೆಯ ಮೇಲಿದ್ದ ಕಳ್ಳನಿಗೆ ಯೇಸುವಿನಿಂದ 'ಈ ದಿನವೇ ನನ್ನೊಂದಿಗೆ ಪರದೈಸಿನಲ್ಲಿರುವೆ' (ಸ್ವರ್ಗದ ತೋಟದಲ್ಲಿ) ಎಂಬ ಮಾತು ಸಿಕ್ಕಿದೆ. ಪ್ರಕಟನೆಯಲ್ಲೇ ಯಜ್ಞವೇದಿಯ ಕೆಳಗಿನ ಆತ್ಮಗಳು ಇನ್ನೂ ಎಷ್ಟು ಕಾಲ ಎಂದು ಕೂಗುತ್ತಿವೆ. ಈ ದಿನವೇ ಎಂಬ ಮಾತೂ ಈ ಕಾಯುವಿಕೆಯೂ ಒಂದೇ ಗ್ರಂಥದಲ್ಲಿವೆ. ಎರಡನ್ನೂ ಇಡಿ.

ಪದಗಳ ಬಗ್ಗೆಯೂ ಒಂದು ಮಾತು. ನಮ್ಮ ಕನ್ನಡ ಬೈಬಲಿನಲ್ಲಿ ಷೆಯೋಲ್ 'ಪಾತಾಳ' ಆಗಿದೆ. ಆ ಪದ ಕೇಳಿದರೆ ನಮ್ಮ ಓದುಗರಿಗೆ ಬಲಿಚಕ್ರವರ್ತಿ, ನಾಗಲೋಕ ನೆನಪಾಗುತ್ತದೆ. ಸ್ವರ್ಗ ಅಂದರೆ ಇಂದ್ರನ ಸಭೆ. ಪದ ಬಳಸಿ, ಆದರೆ ಮೊದಲ ಸಲ ಬಂದಾಗ ಒಂದು ಸಾಲು ನಿಂತು ವ್ಯತ್ಯಾಸ ಹೇಳಿ.

ಆರು ಪುಟ ಸಾಕು. ಮೂರು ನಾಲ್ಕು ವಚನ ಇಟ್ಟುಕೊಂಡು ಉಳಿದದ್ದು ತೆಗೆಯಿರಿ. ಗುಂಡಿಯ ಅಂಚಿನಿಂದಲೇ ಶುರು ಮಾಡಿ. ಮತ್ತೆ, ಆ ಹುಡುಗನಿಗೆ ಅವತ್ತು ಯಾರಾದರೂ ಉತ್ತರ ಕೊಟ್ಟರಾ? ನೀವು ಬರೆದಿಲ್ಲ. ಕೊಟ್ಟಿದ್ದರೆ ಅದೇ ಮಾತಿನಲ್ಲಿ ಬರೆಯಿರಿ. ಕೊಟ್ಟಿಲ್ಲದಿದ್ದರೆ, ಅವನ ಕೈಯಲ್ಲಿದ್ದ ಮಣ್ಣನ್ನು ಅವನು ಏನು ಮಾಡಿದ ಎಂದಾದರೂ ಬರೆದು ಕಳಿಸಿ.