ಎನ್ ಒತ್ಲೋ, ವೈ ಒತ್ಲೋ?

ಪ್ರಶ್ನೆ: ನಮಸ್ಕಾರ ಸರ್. ಬ್ಯಾಡಗಿಯೊಳಗ ನಮ್ಮ ಕಾಕಾಂದು ಮೆಣಸಿನಕಾಯಿ ದಲಾಲಿ ಅಂಗಡಿ ಐತ್ರಿ, ರೇಟು, ಫೋಟೋ ಹಾಕೋ ವೆಬ್‌ಸೈಟ್ ನಾನೇ ನೋಡ್ಕೋತೀನಿ. ಸರ್ವರ್ ಓಎಸ್ ಉಬುಂಟು 20.04, ಅದ್ರ ಮ್ಯಾಲೆ ಸೈಟ್ ತೋರ್ಸೋ ಅಪಾಚಿ, ಕೋಡ್ ಓಡ್ಸೋ ಪಿಎಚ್‌ಪಿ. 22.04ಕ್ಕ ಹೋಗುವಾಗ ನಡುವ ನಿಂತು, ಕಾನ್ಫಿಗ್ (ಸೆಟ್ಟಿಂಗ್) ಫೈಲ್ ಹಳೇದು ಇಡ್ಲೋ ಹೊಸಾದು ಹಾಕ್ಲೋ ಅಂತ ಕೇಳ್ತೈತಂತ. ಏನ್ ಒತ್ಲಿ? ಇಲ್ಲಾ ಅಪಾಚಿ ಪೂರ್ತಿ ತಗದು ಫ್ರೆಶ್ ಹಾಕ್ಲೇನ್ರಿ? ಸೆಟ್ಟಿಂಗ್ ಹೋದ್ರ ಕಾಕಾ ಬಿಡಂಗಿಲ್ಲ.
– ಓದುಗ, ಬ್ಯಾಡಗಿ

ಉತ್ತರ: ಎನ್ ಒತ್ರಿ, ಅಂದ್ರ ಹಳೇದೇ ಇರ್ಲಿ ಅಂತ. ಸುಮ್ನ ಎಂಟರ್ ಹೊಡದ್ರೂ ನಡೀತದ, ಡಿಫಾಲ್ಟೇ ಅದು. ನಿಮ್ಮ ಫೈಲ್ ಹಂಗ ಉಳೀತದ, ಹೊಸಾದು ಬಾಜೂಕ ಡಿಪಿಕೆಜಿ-ಡಿಸ್ಟ್ ಅಂತ ಬಾಲ ಹಚ್ಕೊಂಡು ಕೂಡ್ತದ. ತಪ್ಪಿ ವೈ ಒತ್ತಿ ಹೊಸಾದು ಕೂತ್ರೂ ಹಳೇದು ಡಿಪಿಕೆಜಿ-ಓಲ್ಡ್ ಅಂತ ಅಲ್ಲೇ ಇರ್ತದ, ಗಾಬರಿ ಬ್ಯಾಡ. ಡಿ ಒತ್ತಿದ್ರ ಎರಡರ ಫರಕ್ ತೋರಸ್ತದ.

ನಂಗ ಚಿಂತಿ ಇರೋದು ಅದು ನಿಮ್ಮನ್ನ ಕೇಳದೇ ಬಿಡೋ ಫೈಲಿಂದು. 20.04ರಾಗ ಇದ್ದದ್ದು ಪಿಎಚ್‌ಪಿ 7.4, 22.04ರಾಗ ಬರೋದು 8.1, ಎರಡರ ಫೋಲ್ಡರ್ ಬ್ಯಾರೆ ಬ್ಯಾರೆ, ಹಿಂಗಾಗಿ ಸೆಟ್ಟಿಂಗ್ ಇರೋ ಫೈಲ್ ಪಿಎಚ್‌ಪಿ ಡಾಟ್ ಐಎನ್‌ಐ ಹೊಸದಾಗಿ ಬಂದು ಕೂಡ್ತದ, ನೀವು ಹಳೇದ್ರಾಗ ಬರದಿದ್ದು ಯಾವುದೂ ಅದ್ರಾಗ ಇರಂಗಿಲ್ಲ. ಸೈಟ್ ಓಪನ್ ಆಗ್ತದ, ಎಲ್ಲಾ ಛಲೋ ಅದ ಅನಸ್ತದ, ಆಮ್ಯಾಲೆ ಕಾಕಾ ಮೆಣಸಿನಕಾಯಿ ಫೋಟೋ ಹಾಕಾಕ ಹೋದ್ರ ಏರಂಗಿಲ್ಲ, ಯಾಕಂದ್ರ ಅಪ್‌ಲೋಡ್ ಮಿತಿ ಮತ್ತ 2 ಎಂಬಿಗೆ ಬಂದು ನಿಂತಿರ್ತದ. ಟೈಮ್‌ಝೋನ್ ಸೈತ ನೋಡ್ಕೋರಿ. ಹಳೇ ಫೈಲ್ ಇಡಿಯಾಗಿ ಕಾಪಿ ಮಾಡಬ್ಯಾಡ್ರಿ, ನೀವು ಬದಲಿ ಮಾಡಿದ ಸಾಲಷ್ಟೇ ಹೊಸಾದ್ರಾಗ ಬರೀರಿ. ಸೈಟಿನ ಹಳೇ ಕೋಡ್ 8.1ರ ಮ್ಯಾಲೆ ಓಡ್ತದೋ ಇಲ್ಲೋ ಅಂತ ಮೊದ್ಲ ಬ್ಯಾರೆ ಮಷೀನಿನ್ಯಾಗ ನೋಡೂದು ಶಾಣ್ಯಾತನ.

ಪೂರ್ತಿ ತಗಿಯೋ ವಿಚಾರ ಬಿಡ್ರಿ. ರಿಮೂವ್ ಅಂದ್ರ ಕಾನ್ಫಿಗ್ ಉಳೀತದ, ಪರ್ಜ್ ಅಂದ್ರ ಅದೂ ಹೋಗ್ತದ, ಅವಸರದಾಗ ಭಾಳ ಮಂದಿ ಪರ್ಜ್ ಹೊಡದು ಕೂಡ್ತಾರ.

ಶುರು ಮಾಡೂಕಿಂತ ಮೊದ್ಲ ಇಟಿಸಿ (ಸೆಟ್ಟಿಂಗ್ ಇರೋ ಫೋಲ್ಡರ್) ಒಳಗಿನ ಅಪಾಚಿ2, ಪಿಎಚ್‌ಪಿ ಎರಡೂ ಫೋಲ್ಡರ್ ಟಾರ್ ಮಾಡಿ (ಒಂದೇ ಫೈಲಿನ್ಯಾಗ ಕಟ್ಟಿ) ನಿಮ್ಮ ಲ್ಯಾಪ್‌ಟಾಪಿಗೆ ಇಳಿಸ್ಕೋರಿ, ಅದೇ ಸರ್ವರಿನ್ಯಾಗ ಇಟ್ರ ಏನ್ ಬಂತು. ಡೇಟಾಬೇಸ್ ಡಂಪ್ (ಪೂರ್ತಿ ನಕಲು) ಬ್ಯಾರೆ ತಗೋರಿ. ಅಪ್‌ಗ್ರೇಡ್ ಆದಮ್ಯಾಲೆ ಅಪಾಚಿಸಿಟಿಎಲ್ ಕಾನ್ಫಿಗ್‌ಟೆಸ್ಟ್ ಕಮಾಂಡ್ ಹೊಡೀರಿ, ಸೆಟ್ಟಿಂಗ್ ಬರದಿದ್ರಾಗ ತಪ್ಪಿಲ್ಲ, ಸಿಂಟ್ಯಾಕ್ಸ್ ಓಕೆ ಅಂದ್ರ ರೀಸ್ಟಾರ್ಟ್. ಪಿಎಚ್‌ಪಿ 7.4 ಸಿಗವಲ್ದು ಅಂತ ಅಪಾಚಿ ತಕರಾರು ತಗದ್ರ ಎ2ಡಿಸ್‌ಮಾಡ್ ಕಮಾಂಡ್‌ಲೇ ಹಳೇದು ಬಂದ್ ಮಾಡಿ, ಎ2ಎನ್‌ಮಾಡ್‌ಲೇ 8.1 ಚಾಲೂ ಮಾಡ್ರಿ.

ಸೋಮವಾರ, ಗುರುವಾರ ನಿಮ್ಮಲ್ಲಿ ಮಾರ್ಕೆಟ್ ಇರ್ತದ, ಆ ದಿನ ಮಾತ್ರ ಕೈ ಹಚ್ಚಬ್ಯಾಡ್ರಿ.